ಆ ಲೈಸೆನ್ಸ್ ಯಾವ ರಾಜ್ಯದ್ದು ಅಂತ ಮೊದಲು ಕೇಳಿ

2025ರ ಸೆಪ್ಟೆಂಬರ್‌ನಲ್ಲಿ ವಿದ್ಯಾನಗರದಲ್ಲಿ ಒಂದು ಮೆಡಿಕಲ್ ಶಾಪಿನ ಮಹಡಿ ಮೇಲೆ ಚಿಕ್ಕ ರೂಮು ಹಿಡಿದು ಬೋರ್ಡ್ ಹಾಕಿಸಿದೆ. ಬರೆಯುವ ಹುಡುಗ ‘ಲೈಸೆನ್ಸ್ಡ್ ಕೌನ್ಸೆಲರ್’ ಅನ್ನೋದನ್ನ ‘ಲೈಸೆನ್ಸ್ಡ್ ಕೌನ್ಸಿಲರ್’ ಮಾಡಿಬಿಟ್ಟಿದ್ದ. ಎದುರಿನ ಟೀ ಅಂಗಡಿಯವರು ತಲೆಯೆತ್ತಿ ಓದಿ, ‘ಯಾವ ವಾರ್ಡಿಂದ ನಿಂತೀರಿ ಮೇಡಂ?’ ಅಂದರು. ನಾನೂ ನಕ್ಕೆ. ಎರಡನೇ ಪದದ ತಪ್ಪನ್ನು ಅವತ್ತೇ ತಿದ್ದಿಸಿದೆ. ಮೊದಲನೇ ಪದವೂ ತಪ್ಪು ಅಂತ ಗೊತ್ತಾಗೋಕೆ ಇನ್ನೊಂದು ತಿಂಗಳು ಹಿಡಿಯಿತು.

ಹದಿನಾರು ವರ್ಷದಿಂದ ದಾವಣಗೆರೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಊಟದ ಬಿಡುವಿನಲ್ಲಿ ಮಕ್ಕಳು ಬಂದು ಮನೆಯ ಕಷ್ಟ ಹೇಳಿಕೊಳ್ಳೋದು ಮೊದಲಿಂದಲೂ ಇದೆ. ಅಪ್ಪ ಕುಡೀತಾನೆ, ಅಕ್ಕನ ಮದುವೆ ಮುರಿದುಬಿತ್ತು, ರಾತ್ರಿ ನಿದ್ದೆ ಬರಲ್ಲ, ಇಂಥವು. ಕೇಳುವ ತಾಳ್ಮೆ ನನಗಿದೆ ಅಂತ ಎಲ್ಲರೂ ಹೇಳುತ್ತಿದ್ದರು. ಸಿಬಿಎಸ್‌ಇ ಶಾಲೆಗಳು ಕೌನ್ಸೆಲರ್ ಇಟ್ಟುಕೊಳ್ಳಬೇಕು ಅನ್ನೋ ನಿಯಮವೂ ಇದೆಯಲ್ಲ. ಅದನ್ನೇ ಸರಿಯಾಗಿ ಕಲಿತರೆ ಸಂಬಳವೂ ಸ್ವಲ್ಪ ಜಾಸ್ತಿಯಾಗುತ್ತೆ ಅಂತ ಲೆಕ್ಕ ಹಾಕಿದೆ. ಆಸೆ ತಪ್ಪಲ್ಲ. ಅದನ್ನ ಫೋನಿನಲ್ಲಿ ಒಂದು ಸಲ ಟೈಪ್ ಮಾಡಿದ್ದೇ ಸಾಕಾಯ್ತು ನೋಡಿ. ಮಾರನೇ ದಿನದಿಂದ ಇನ್‌ಸ್ಟಾಗ್ರಾಂ ತುಂಬಾ ಕೌನ್ಸೆಲಿಂಗ್ ಕೋರ್ಸಿನದೇ ಜಾಹೀರಾತು.

ಅದರಲ್ಲೊಂದಕ್ಕೆ ನನ್ನ ನಂಬರ್ ಹಾಕಿದ ಹತ್ತು ನಿಮಿಷಕ್ಕೆ ಕಾಲ್ ಬಂತು. ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಮಾಡುತ್ತಿದ್ದೆ. ಆ ಹುಡುಗ ತನ್ನನ್ನು ‘ಅಡ್ಮಿಷನ್ ಕೌನ್ಸೆಲರ್’ ಅಂತ ಪರಿಚಯ ಮಾಡಿಕೊಂಡ. (ಆ ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ಒಬ್ಬನೇ ಕೌನ್ಸೆಲರ್ ಅವನು.) ಬಾಯಲ್ಲಿ ಬೆಣ್ಣೆ. ‘ಮೇಡಂ, ಇಲ್ಲಿ ಎಂಎ ಸೈಕಾಲಜಿ ಮಾಡಿದವರು ಬೀದಿಗೊಬ್ಬರು ಸಿಗ್ತಾರೆ. ನಿಮ್ಮದು ಅಮೆರಿಕನ್ ಮಾಸ್ಟರ್ಸ್. ಹದಿನೆಂಟು ತಿಂಗಳು, ಪೂರ್ತಿ ಆನ್‌ಲೈನ್. ಮುಗಿದ ಮೇಲೆ ನೀವು ಇಂಟರ್‌ನ್ಯಾಷನಲ್ ಲೈಸೆನ್ಸ್ಡ್ ಕೌನ್ಸೆಲರ್. ಗಂಟೆಗೆ ಸಾವಿರದ ಐನೂರು ಆರಾಮಾಗಿ ತಗೋಬಹುದು.’ ಫೀಸು ನಾಲ್ಕು ಲಕ್ಷ. ನನಗೆ ಮಾತ್ರ ಶೇಕಡ 40 ಸ್ಕಾಲರ್‌ಶಿಪ್, ಅದೂ ಇವತ್ತು ರಾತ್ರಿ ಹನ್ನೆರಡರವರೆಗೆ. ಉಳಿದ 2,40,000 ರೂಪಾಯಿಗೆ ತಿಂಗಳಿಗೆ ಹತ್ತು ಸಾವಿರದಂತೆ 24 ಕಂತು, ‘ನೋ ಕಾಸ್ಟ್ ಇಎಂಐ’. ನನ್ನ ಸಂಬಳ ಆಗ 26,000.

ಯಜಮಾನರು, ‘ಎರಡು ದಿನ ತಡಿ, ಯಾರನ್ನಾದ್ರೂ ಕೇಳೋಣ’ ಅಂದರು. ನಾನು ತಡೆಯಲಿಲ್ಲ. ರಾತ್ರಿ ಹನ್ನೊಂದೂವರೆಗೆ ನಾಲ್ಕು ಓಟಿಪಿ ಹೇಳಿದೆ. ಅದು ಕಾಲೇಜಿಗೆ ಫೀಸು ಕಟ್ಟಿದ್ದಲ್ಲ, ಒಂದು ಫೈನಾನ್ಸ್ ಕಂಪನಿಯಿಂದ ನನ್ನ ಹೆಸರಲ್ಲಿ ಎತ್ತಿದ ಸಾಲ. ಪೂರ್ತಿ ದುಡ್ಡು ಅವತ್ತೇ ಕೋರ್ಸ್ ಮಾರಿದವರ ಕೈ ಸೇರಿತ್ತು. ಇಂಥ ಡಿಜಿಟಲ್ ಸಾಲಕ್ಕೆ ‘ಕೂಲಿಂಗ್ ಆಫ್’ ಅಂತ ಒಂದು ಅವಧಿ ಇರಬೇಕು, ಅಷ್ಟರೊಳಗೆ ದಂಡ ಇಲ್ಲದೆ ಅಸಲು, ಅಷ್ಟು ದಿನದ ಬಡ್ಡಿ ಮಾತ್ರ ಕಟ್ಟಿ ಹೊರಗೆ ಬರಬಹುದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಅದನ್ನ ನಾನು ಓದಿದ್ದು ಇಪ್ಪತ್ತು ಕಂತು ಕಟ್ಟಿದ ಮೇಲೆ.

ಇನ್ನೊಂದು ವಿಷಯ ಹೇಳೋಕೆ ನಾಚಿಕೆ ಆಗುತ್ತೆ. ನಾನು ಸೇರಿದ್ದು 2024ರ ಫೆಬ್ರವರಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರ ಡಿಸೆಂಬರ್‌ನಲ್ಲೇ ನೋಟಿಸ್ ಹಾಕಿತ್ತು: ಎಡ್‌ಟೆಕ್ (ಆನ್‌ಲೈನ್ ಶಿಕ್ಷಣ ಮಾರುವ) ಕಂಪನಿಗಳು ಮಾನ್ಯತೆ ಇಲ್ಲದ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಆನ್‌ಲೈನ್ ಡಿಗ್ರಿ ಕೊಡುತ್ತಿವೆ, ಅವಕ್ಕೆ ಇಲ್ಲಿ ಮಾನ್ಯತೆ ಇಲ್ಲ, ಸೇರಬೇಡಿ ಅಂತ. ಎರಡು ತಿಂಗಳು ಹಿಂದಿನ ನೋಟಿಸ್! ಹತ್ತನೇ ಕ್ಲಾಸಿನ ಮಕ್ಕಳಿಗೆ ‘ಗ್ರಾಹಕ ಶಿಕ್ಷಣ’ ಪಾಠ ಮಾಡುವ ಟೀಚರ್ ನಾನು.

ಕೋರ್ಸ್ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಶನಿವಾರ, ಭಾನುವಾರ ಜೂಮ್ ಕ್ಲಾಸ್. ಮುನ್ನೂರು ಜನ, ಎಲ್ಲರ ಕ್ಯಾಮೆರಾ ಬಂದ್. ಒಬ್ಬರು ಸ್ಲೈಡ್ ಓದುತ್ತಿದ್ದರು. ಕೊನೆಗೆ ಹತ್ತು ಪ್ರಶ್ನೆಯ ಕ್ವಿಜ್, ತಪ್ಪಾದರೆ ಮತ್ತೆ ಬರೆಯಬಹುದು.

ಹೇಳಲೇಬೇಕಾದ್ದು ಇಂಟರ್ನ್‌ಶಿಪ್ ಬಗ್ಗೆ. ಹತ್ತು ಕೇಸ್ ರಿಪೋರ್ಟ್ ಬರೆದು ಪಿಡಿಎಫ್ ಮಾಡಿ ಅಪ್‌ಲೋಡ್ ಮಾಡಬೇಕಿತ್ತು. ಯಾರ ಕೇಸು, ಎಲ್ಲಿ ನೋಡಿದಿರಿ, ಯಾರ ಉಸ್ತುವಾರಿಯಲ್ಲಿ ಅಂತ ಯಾರೂ ಕೇಳಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಕಥೆ ಕಟ್ಟುತ್ತಿದ್ದರು. ನಾನೂ ಕಟ್ಟಿದೆ. ಹರಿಹರದಲ್ಲಿರುವ ನಮ್ಮ ಚಿಕ್ಕಮ್ಮನನ್ನೇ ಮೂರು ಬೇರೆ ಬೇರೆ ರೋಗಿ ಮಾಡಿ ಬರೆದೆ. ಮೂರಕ್ಕೂ ‘ಎಕ್ಸಲೆಂಟ್’ ಬಂತು. ಆಗಲಾದರೂ ಎಚ್ಚರ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ಮಾರ್ಕ್ಸ್ ಬಂದರೆ ಖುಷಿಪಡುವ ಅಭ್ಯಾಸ ಮೇಷ್ಟ್ರಿಗೂ ಬಿಡಲ್ಲ.

ಆಗಸ್ಟ್‌ನಲ್ಲಿ ಡಿಗ್ರಿ ಬಂತು. ಅದರ ಜೊತೆಗೇ ಒಂದು ಮೇಲ್: ‘ಇಂಟರ್‌ನ್ಯಾಷನಲ್ ಪ್ರೊಫೆಷನಲ್ ಲೈಸೆನ್ಸ್’ಗೆ ಪ್ರತ್ಯೇಕ 18,000. ಕಟ್ಟಿದ ಮೂರನೇ ದಿನಕ್ಕೆ ಚಿನ್ನದ ಬಣ್ಣದ ಮುದ್ರೆ ಇರುವ ಪಿಡಿಎಫ್. ಮೂಲೆಯಲ್ಲಿ ಕ್ಯೂಆರ್ ಕೋಡ್. ಅದನ್ನ ಸ್ಕ್ಯಾನ್ ಮಾಡಿದರೆ ನನ್ನ ಹೆಸರು, ಫೋಟೋ, ‘ವೆರಿಫೈಡ್’ ಅಂತ ಹಸಿರು ಟಿಕ್. ಆ ಪುಟ ಇದ್ದದ್ದು ಅದೇ ಕಂಪನಿಯ ವೆಬ್‌ಸೈಟಿನಲ್ಲಿ. ಕಳ್ಳನನ್ನ ಹಿಡಿಯೋಕೆ ಕಳ್ಳನ ಮನೆ ನಾಯಿಯನ್ನೇ ಕಳಿಸಿದ ಹಾಗೆ.

ರೂಮಿಗೆ ಬಂದ ನಾಲ್ಕನೆಯವಳು ಒಬ್ಬ ಹುಡುಗಿ. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.) ಎರಡನೇ ಸಲ ನೀಟ್‌ಗೆ ಓದುತ್ತಿದ್ದಳು. ಅಪ್ಪ ಕರೆದುಕೊಂಡು ಬಂದಿದ್ದರು. ‘ಸ್ವಲ್ಪ ಧೈರ್ಯ ಹೇಳಿ ಮೇಡಂ’ ಅಂದು ಕೆಳಗೆ ಹೋದರು. ಅವಳು ಹತ್ತು ನಿಮಿಷ ದುಪಟ್ಟಾದ ಅಂಚಿನ ದಾರ ಬಿಡಿಸುತ್ತಾ ಕೂತಿದ್ದಳು. ಆಮೇಲೆ ತಲೆ ಎತ್ತದೆ, ‘ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತೆ ಮಿಸ್, ದಿನಾ’ ಅಂದಳು.

ನನ್ನ ಕೈ ತಣ್ಣಗಾಯಿತು. ಮುಂದೆ ಏನು ಕೇಳಬೇಕು? ನೇರವಾಗಿ ಕೇಳಬಹುದಾ, ಕೇಳಿದರೆ ಜಾಸ್ತಿ ಆಗುತ್ತಾ? ಅಪ್ಪನಿಗೆ ಹೇಳಬೇಕಾ, ಹೇಳಿದರೆ ನಂಬಿಕೆ ಮುರಿದ ಹಾಗಾ? ಹದಿನೆಂಟು ತಿಂಗಳು ಓದಿದ್ದರಲ್ಲಿ ಒಂದೂ ನೆನಪಿಗೆ ಬರಲಿಲ್ಲ. ನೆನಪಾಗಿದ್ದು ಸ್ಲೈಡಿನಲ್ಲಿದ್ದ ತುರ್ತು ನಂಬರ್, 988. ಅದು ಅಮೆರಿಕದ್ದು. ನಮ್ಮ ದೇಶದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416. ಪುಕ್ಕಟೆ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಅದು ನನಗೆ ಗೊತ್ತಿದ್ದದ್ದು ನಮ್ಮ ಶಾಲೆಯ ಗೋಡೆಯ ಪೋಸ್ಟರ್‌ನಿಂದ, ನನ್ನ ಮಾಸ್ಟರ್ಸ್ ಡಿಗ್ರಿಯಿಂದ ಅಲ್ಲ.

ಅವಳ ಪಕ್ಕದಲ್ಲಿ ಹೋಗಿ ಕೂತೆ. ನನಗೆ ಇದು ಸರಿಯಾಗಿ ಬರಲ್ಲ ಕಂದಾ, ಬರುವವರ ಹತ್ತಿರ ಈಗಲೇ ಹೋಗೋಣ ಅಂದೆ. ಅಪ್ಪನನ್ನ ಕರೆದು, ಮೂವರೂ ಆಟೋದಲ್ಲಿ ಒಂದು ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋದೆವು. ಅವಳು ಈಗ ಚಿಕಿತ್ಸೆಯಲ್ಲಿದ್ದಾಳೆ, ಓದುತ್ತಿದ್ದಾಳೆ. ಅವತ್ತು ಡಾಕ್ಟರ್ ನನ್ನನ್ನ ಪಕ್ಕಕ್ಕೆ ಕರೆದು ಕೇಳಿದ್ದು ಎರಡೇ ಮಾತು. ‘ನೀವು ಟ್ರೇನಿಂಗ್ ಎಲ್ಲಿ ತಗೊಂಡಿದ್ದು? ಸೂಪರ್‌ವೈಸರ್ ಯಾರು?’ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸೋದರತ್ತೆಯ ಮಗಳು ಟೆಕ್ಸಾಸ್‌ನಲ್ಲಿ ಇದೇ ಕೆಲಸದಲ್ಲಿದ್ದಾಳೆ. ಅಲ್ಲಿವರೆಗೂ ಅವಳಿಗೆ ಸುದ್ದಿ ಹೇಳಿರಲಿಲ್ಲ, ಬೋರ್ಡಿನ ಫೋಟೋ ಕಳಿಸಿ ಸರ್‌ಪ್ರೈಸ್ ಕೊಡೋಣ ಅಂತಿದ್ದೆ. ಅವತ್ತು ರಾತ್ರಿ ವಿಡಿಯೋ ಕಾಲ್ ಮಾಡಿ ಪಿಡಿಎಫ್ ತೋರಿಸಿದೆ. ತುಂಬಾ ಹೊತ್ತು ನೋಡಿದಳು. ಆಮೇಲೆ, ‘ಅಕ್ಕಾ, ಈ ಲೈಸೆನ್ಸ್ ಯಾವ ಸ್ಟೇಟಿಂದು?’ ಅಂದಳು.

ಅರ್ಥ ಆಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅಮೆರಿಕದಲ್ಲಿ ಕೌನ್ಸೆಲರ್ ಲೈಸೆನ್ಸ್ ಕೊಡೋದು ಯೂನಿವರ್ಸಿಟಿ ಅಲ್ಲ, ಕಂಪನಿಯೂ ಅಲ್ಲ. ಒಂದೊಂದು ರಾಜ್ಯದ್ದೂ ಒಂದೊಂದು ಬೋರ್ಡ್ ಇದೆ, ಅದು ಕೊಡಬೇಕು. 1976ರಲ್ಲಿ ವರ್ಜೀನಿಯಾ ಮೊದಲು ಶುರು ಮಾಡಿತು, ಕೊನೆಯದಾಗಿ 2009ರಲ್ಲಿ ಕ್ಯಾಲಿಫೋರ್ನಿಯಾ ಸೇರಿತು. ಟೆಕ್ಸಾಸ್‌ನ ಲೈಸೆನ್ಸ್ ಹಿಡಿದು ಪಕ್ಕದ ರಾಜ್ಯದಲ್ಲಿ ಸುಮ್ನೆ ಹೋಗಿ ಕೂರೋಕೂ ಆಗಲ್ಲ. ಹಾಗಿರುವಾಗ ‘ಇಂಟರ್‌ನ್ಯಾಷನಲ್’ ಎಲ್ಲಿಂದ ಬಂತು?

ಆನ್‌ಲೈನ್ ಅನ್ನೋದೇ ಮೋಸ ಅಂತ ನಾನು ಹೇಳುತ್ತಿಲ್ಲ, ಅವಳೂ ಹೇಳಲಿಲ್ಲ. ಅಲ್ಲಿ ಆನ್‌ಲೈನ್ ಮಾಸ್ಟರ್ಸ್‌ನಲ್ಲೂ ಒಳ್ಳೆಯವು ಇವೆ. ಕಾಕ್ರೆಪ್ ಅನ್ನೋ ಸಂಸ್ಥೆ 1981ರಿಂದ ಇಂಥ ಕೋರ್ಸುಗಳಿಗೆ ಮಾನ್ಯತೆ ಕೊಡುತ್ತಿದೆ. ಅದರ ಲೆಕ್ಕದಲ್ಲಿ 60 ಕ್ರೆಡಿಟ್ ಓದಬೇಕು. ಪಾಠ ಮನೆಯಲ್ಲೇ ಕೂತು ಕೇಳಬಹುದು. ಆದರೆ ಪ್ರಾಕ್ಟಿಕಂ (ಮೊದಲ ಹಂತದ ಅಭ್ಯಾಸ) 100 ಗಂಟೆ, ಇಂಟರ್ನ್‌ಶಿಪ್ 600 ಗಂಟೆ ಒಂದು ಕೇಂದ್ರದಲ್ಲಿ ನಿಜವಾದ ಕೆಲಸ ಮಾಡಬೇಕು. ಎರಡೂ ಸೇರಿ ಅದರಲ್ಲಿ 280 ಗಂಟೆ ನಿಜವಾದ ಜನರ ಜೊತೆಗೇ ಕಳೆಯಬೇಕು, ನೋಡಿ ತಿದ್ದುವ ಸೂಪರ್‌ವೈಸರ್ ಇರಬೇಕು. ಡಿಗ್ರಿ ಆದ ಮೇಲೆ ಪರೀಕ್ಷೆ. ಅದಾದ ಮೇಲೆ ಟೆಕ್ಸಾಸ್‌ನಲ್ಲಿ ಇನ್ನೂ 3,000 ಗಂಟೆ ಒಬ್ಬರ ಉಸ್ತುವಾರಿಯಲ್ಲಿ ದುಡಿಯಬೇಕು, ಅದನ್ನ 18 ತಿಂಗಳಿಗಿಂತ ಬೇಗ ಮುಗಿಸುವ ಹಾಗಿಲ್ಲ. ನನ್ನ ಇಡೀ ಕೋರ್ಸೇ 18 ತಿಂಗಳು. ನಾನು ನಿಜವಾದ ಜನರ ಜೊತೆ ಕೂತ ಗಂಟೆ, ಸೊನ್ನೆ. ಚಿಕ್ಕಮ್ಮನನ್ನ ಲೆಕ್ಕಕ್ಕೆ ಹಿಡಿದರೂ ಸೊನ್ನೆಯೇ, ಅವಳಿಗೆ ನಾನು ಫೋನೂ ಮಾಡಿರಲಿಲ್ಲ.

ಹೋಗಲಿ, ನಮ್ಮಲ್ಲಿ ಏನಿದೆ ಅಂತ ಆಮೇಲೆ ಕೂತು ಓದಿದೆ. ಮೊದಲೇ ಓದಬೇಕಿತ್ತು. ‘ಲೈಸೆನ್ಸ್ಡ್ ಕೌನ್ಸೆಲರ್’ ಅಂತ ಎಲ್ಲರಿಗೂ ಕೊಡುವ ಒಂದು ಲೈಸೆನ್ಸ್ ನಮ್ಮ ದೇಶದಲ್ಲಿ ಇವತ್ತಿಗೂ ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ 1992ರ ಕಾನೂನಿನ ಪ್ರಕಾರ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಬೇಕು. ಅಲ್ಲಿ ಹೆಸರು ಸೇರಿದವರಿಗೆ ಸಿಆರ್‌ಆರ್ ನಂಬರ್ ಸಿಗುತ್ತೆ. ಅದಕ್ಕೆ ಬಹಳ ಜನ ಹೋದ ದಾರಿ ನಿಮ್ಹಾನ್ಸ್‌ನಂಥ ಕಡೆ ಎರಡು ವರ್ಷ ವಾರ್ಡುಗಳಲ್ಲಿ ಓಡಾಡಿ ಮಾಡುವ ಎಂಫಿಲ್. ನೋಂದಣಿ ಇಲ್ಲದೆ ಆ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಂತಲೂ ಆ ಕಾನೂನಿನಲ್ಲಿದೆ. ಪುಣ್ಯಕ್ಕೆ ನಾನು ಬೋರ್ಡಿನ ಮೇಲೆ ‘ಸೈಕಾಲಜಿಸ್ಟ್’ ಅಂತ ಬರೆಸಿರಲಿಲ್ಲ. ಆ ಅಡ್ಮಿಷನ್ ಹುಡುಗ ಬರೆಸಿ ಅಂದಿದ್ದ!

ಸೈಕಾಲಜಿಸ್ಟ್, ಕೌನ್ಸೆಲರ್ ಮುಂತಾದವರನ್ನು ಒಂದು ಚೌಕಟ್ಟಿಗೆ ತರೋಕೆ 2021ರಲ್ಲಿ ಅಲೈಡ್ ಅಂಡ್ ಹೆಲ್ತ್‌ಕೇರ್ ಕಾನೂನು ಬಂದಿದೆ. ಅದರಡಿ ಬರುವ ವಿಷಯ ಅಂತ ಯುಜಿಸಿ 2025ರ ಜುಲೈ-ಆಗಸ್ಟ್ ಸಾಲಿನಿಂದ ಸೈಕಾಲಜಿಯನ್ನು ಆನ್‌ಲೈನ್ ಮತ್ತು ದೂರಶಿಕ್ಷಣದಲ್ಲಿ ನಡೆಸುವುದನ್ನೇ ನಿಲ್ಲಿಸಿ ಅಂದಿದೆ. ಅಂದರೆ ಇವತ್ತು ಯಾರಾದರೂ ಫೋನ್ ಮಾಡಿ ‘ಆನ್‌ಲೈನ್ ಎಂಎ ಸೈಕಾಲಜಿ, ಹೊಸ ಬ್ಯಾಚ್, ಯುಜಿಸಿ ಅಪ್ರೂವ್ಡ್’ ಅಂದರೆ ಅಲ್ಲೇ ಫೋನ್ ಇಡಿ. ಉಳಿದ ಯಾವುದೇ ಆನ್‌ಲೈನ್ ಡಿಗ್ರಿಗೆ ಸೇರೋದಾದರೂ ಯುಜಿಸಿಯ ಡೆಬ್ (ದೂರಶಿಕ್ಷಣ ಬ್ಯೂರೋ) ವೆಬ್‌ಸೈಟಿನಲ್ಲಿ ಆ ಸಂಸ್ಥೆ, ಆ ಕೋರ್ಸ್, ಆ ವರ್ಷ ಮೂರೂ ಇದೆಯಾ ನೋಡಿ. ಸಂಸ್ಥೆಯ ಹೆಸರು ಇದ್ದರೆ ಸಾಲದು.

ಮತ್ತೆ ಆ ಹುಡುಗರನ್ನ ಮೂರು ಮಾತು ಕೇಳಿ. ಲೈಸೆನ್ಸ್ ಕೊಡೋರು ಯಾರು, ಯಾವ ಕಾನೂನಿನಲ್ಲಿ? ನಾನು ಜನರ ಮುಂದೆ ಕೂತು ಕಲಿಯುವ ಜಾಗ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಎಲ್ಲಿದೆ, ಅಲ್ಲಿ ನನ್ನ ಕೆಲಸ ನೋಡೋರು ಯಾರು? ಇದನ್ನೆಲ್ಲ ಮೇಲ್‌ನಲ್ಲಿ ಬರೆದು ಕೊಡುತ್ತೀರಾ? ಮೊದಲೆರಡಕ್ಕೆ ಅವರ ಹತ್ತಿರ ಚೆಂದದ ಉತ್ತರ ಇರುತ್ತೆ. ಮೂರನೆಯದಕ್ಕೆ ಲೈನ್ ಕಟ್ ಆಗುತ್ತೆ. ಕಳೆದ ತಿಂಗಳು ನಾನೇ ಬೇರೆ ನಂಬರಿನಿಂದ ಮಾಡಿ ನೋಡಿದೆ.

ದುಡ್ಡಿನ ಕಥೆ ಇನ್ನೂ ಮುಗಿದಿಲ್ಲ. ಇಎಂಐ ನಿಲ್ಲಿಸೋಣ ಅಂದರೆ ಸಿಬಿಲ್ ಹಾಳಾಗುತ್ತೆ, ಮನೆ ಸಾಲ ಬೇರೆ ಬೇಕಿದೆ. ಹಾಗಾಗಿ ಕಟ್ಟುತ್ತಿದ್ದೇನೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಕಂಪನಿಯಿಂದ ‘ನಾವು ಉದ್ಯೋಗದ ಭರವಸೆ ಕೊಟ್ಟಿಲ್ಲ’ ಅಂತ ಎರಡು ಸಾಲಿನ ಉತ್ತರ ಬಂತು. ನಾನು ಕೇಳಿದ್ದು ಉದ್ಯೋಗದ ಬಗ್ಗೆ ಅಲ್ಲವೇ ಅಲ್ಲ. ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವ ತಯಾರಿಯಲ್ಲಿದ್ದೇವೆ. ಕಂಪನಿ ಎಲ್ಲೇ ಇರಲಿ, ನಾವು ಇರುವ ಊರಿನಲ್ಲೇ ದೂರು ಕೊಡಬಹುದು. ಕಟ್ಟಿದ ಹಣ ಐದು ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವೂ ಇಲ್ಲ. ಶಿಕ್ಷಣ ಅನ್ನೋದು ‘ಸೇವೆ’ ಹೌದೋ ಅಲ್ಲವೋ ಅಂತ ಅವರು ವಾದ ಎತ್ತಬಹುದು, ಅದಕ್ಕೇ ಸುಳ್ಳು ಜಾಹೀರಾತನ್ನೇ ಮುಂದಿಟ್ಟು ಹೋಗೋಣ ಅಂದಿದ್ದಾರೆ ವಕೀಲರು. ಅದಕ್ಕೆ ಬೇಕಾದ ಜಾಹೀರಾತಿನ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಒಂದೇ ಉಳಿದಿದೆ, ಅದೂ ಅರ್ಧ. ಮೊದಲ ಕಾಲ್‌ನ ರೆಕಾರ್ಡಿಂಗ್ ಇತ್ತು. ಮೊಬೈಲ್ ಬದಲಿಸುವಾಗ ಹೋಯಿತು.

ಕೋರ್ಸಿನ ಆ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಕಡೆಯವರು ಇನ್ನೂ ಏಳೆಂಟು ಜನ ಇದ್ದರು ಅಂತ ನೆನಪು. ಜಗಳೂರಿನವರು ಒಬ್ಬರು, ಹೊಳಲ್ಕೆರೆಯವರು ಇಬ್ಬರು. ಗ್ರೂಪನ್ನ ಕಂಪನಿಯವರು ಅಳಿಸಿಬಿಟ್ಟಿದ್ದಾರೆ. ನೀವು ಇದನ್ನ ಓದುತ್ತಿದ್ದರೆ ಆ ಲೈಸೆನ್ಸಿಗೆ 18,000 ಕಟ್ಟಬೇಡಿ. ಕಟ್ಟಿದ್ದರೆ ಆ ರಸೀದಿ, ಸಾಲದ ಪತ್ರ, ಚಾಟ್ ಯಾವುದನ್ನೂ ಡಿಲೀಟ್ ಮಾಡದೆ ನನಗೊಂದು ಮೆಸೇಜ್ ಹಾಕಿ.