ಅಲ್ಲಾಹ್ ದೂರಾನಾ, ಹತ್ರಾನಾ? ಒಂದು ಆನ್‌ಲೈನ್ ಅಕೀದಾ (ಇಸ್ಲಾಮಿನ ನಂಬಿಕೆ ಶಾಸ್ತ್ರ) ಕೋರ್ಸಿನ ರಿವ್ಯೂ

ಐದಕ್ಕೆ ಮೂರೂವರೆ ಸ್ಟಾರ್. ಮೂರು ಸ್ಟಾರ್ ಕೋರ್ಸಿನ ಮೊದಲ ಅರ್ಧಕ್ಕೆ, ಉಳಿದ ಅರ್ಧ ಸ್ಟಾರ್ ಪಾಠ ಮಾಡಿದ ಮೇಷ್ಟ್ರ ತಾಳ್ಮೆಗೆ. ಹೆಸರು ಬೇಕಂತಲೇ ಹಾಕ್ತಿಲ್ಲ, ಯಾಕಂದ್ರೆ ಸ್ವಲ್ಪ ಬೈಯೋದೂ ಇದೆ, ಜೊತೆಗೆ ಈ ಸಬ್ಜೆಕ್ಟಿನ ಮೇಲೆ ಇಂಗ್ಲಿಷಲ್ಲಿ ನಾನು ನೋಡಿರೋ ಕೋರ್ಸುಗಳೆಲ್ಲ ಹೆಚ್ಚುಕಮ್ಮಿ ಇದೇ ಅಚ್ಚಲ್ಲಿ ಇದಾವೆ. ರೆಕಾರ್ಡೆಡ್ ವಿಡಿಯೋ, ಪಾಠಕ್ಕೊಂದು ಪಿಡಿಎಫ್, ಕೊನೆಗೊಂದು ಕ್ವಿಜ್, ಆಮೇಲೆ ಎಲ್ಲಿ ತೋರಿಸ್ಬೇಕು ಅಂತಾನೇ ಗೊತ್ತಾಗದ ಒಂದು ಸರ್ಟಿಫಿಕೇಟ್. ವಿಷಯ ಏನಪ್ಪಾ ಅಂದ್ರೆ, ಸೃಷ್ಟಿಯಲ್ಲಿರೋ ಯಾವುದಕ್ಕೂ ದೇವರನ್ನ ಹೋಲಿಸಬಾರದು ಅಂತ ಅಷ್ಟು ಖಡಾಖಂಡಿತ ಹೇಳೋ ಇಸ್ಲಾಮಲ್ಲೇ ಅವನು ನಿನ್ನ ಕುತ್ತಿಗೆಯ ನರಕ್ಕಿಂತ ಹತ್ರ ಇದಾನೆ ಅನ್ನೋ ಮಾತೂ ಇದೆಯಲ್ಲ, ಎರಡೂ ಹೆಂಗೆ ಒಟ್ಟಿಗೆ ನಿಲ್ತವೆ ಅನ್ನೋದು.

ಶುರು ಮಾತ್ರ ಸೂಪರ್. ಕುರ್‌ಆನಿನ ಶೂರಾ ಸೂರಾದ (ಅಧ್ಯಾಯದ) 11ನೇ ಆಯತ್ (ವಾಕ್ಯ) ಇಟ್ಕೊಂಡೇ ಪಾಠ ಆರಂಭ: ಅವನಂಥದ್ದು ಯಾವುದೂ ಇಲ್ಲ, ಅವನು ಎಲ್ಲ ಕೇಳೋನು, ಎಲ್ಲ ನೋಡೋನು. ಮೊದಲ ತುಂಡು ಹೋಲಿಕೆಯ ಬೇರನ್ನೇ ಕಿತ್ತು ಹಾಕುತ್ತೆ, ಅದರ ಬೆನ್ನಿಗೇ ಬರೋ ತುಂಡಲ್ಲಿ ಕೇಳೋದು ನೋಡೋದು ಅಂತ ನಮಗೆ ಚೆನ್ನಾಗಿ ಗೊತ್ತಿರೋ ಗುಣಗಳೇ ಬರ್ತವೆ. ಒಬ್ರು ಮೊದಲ ತುಂಡು ಗಟ್ಟಿಯಾಗಿ ಹಿಡ್ಕೊಂಡ್ರು, ಇನ್ನೊಬ್ರು ಎರಡನೇದು, ಅಲ್ಲಿಂದ ಜಗಳ ಶುರು ಅಂತ ಮೇಷ್ಟ್ರು ನೇರ ಬಾಗ್ದಾದಿಗೆ ಕರ್ಕೊಂಡು ಹೋಗ್ತಾರೆ. 833ರಲ್ಲಿ ಖಲೀಫ ಮಾಮೂನ್, ಕುರ್‌ಆನ್ ಸೃಷ್ಟಿಯಾದದ್ದು ಅಂತ ಒಪ್ಕೊಳ್ಳಿ ಅಂತ ಉಲಮಾಗಳನ್ನ (ಧರ್ಮ ಪಂಡಿತರನ್ನ) ವಿಚಾರಣೆಗೆ ಕೂರಿಸಿದ್ದು, ಅವರಲ್ಲೊಬ್ಬರಾದ ಅಹ್ಮದ್ ಇಬ್ನ್ ಹಂಬಲ್ ಒಪ್ಪದೇ ಜೈಲು ಸೇರಿ ಮುಂದಿನ ಖಲೀಫ ಮುಅ್ತಸಿಮ್ ಕಾಲದಲ್ಲಿ ಚಾಟಿ ಏಟು ತಿಂದಿದ್ದು, ಈ ಕಥೆ ನಮ್ಮಲ್ಲಿ ತುಂಬ ಜನ ಕೇಳಿರ್ತಾರೆ. ಆದ್ರೆ ಮುಅ್ತಜಿಲಾದವ್ರು (ಈ ವಾದದ ಹಿಂದಿದ್ದ ತರ್ಕವಾದಿ ಪಂಥ) ಯಾಕೆ ಹಂಗೆ ಹಠ ಹಿಡಿದ್ರು ಅಂತ ನನಗೆ ಯಾರೂ ಸರಿಯಾಗಿ ಹೇಳಿರ್ಲಿಲ್ಲ, ಬರೀ ದಾರಿ ತಪ್ಪಿದವರು ಅಂತಷ್ಟೇ ಕೇಳ್ಕೊಂಡು ಬೆಳೆದದ್ದು. ಕುರ್‌ಆನ್ ಸೃಷ್ಟಿಯಾಗಿಲ್ಲ, ಅಂದ್ರೆ ಅಲ್ಲಾಹನ ಜೊತೆ ಇನ್ನೊಂದು ಅನಾದಿಯಾದದ್ದು ಇದೆ ಅಂದ್ಬಿಟ್ರೆ ತೌಹೀದ್ (ದೇವರು ಒಬ್ಬನೇ ಅನ್ನೋದು) ಎಲ್ಲಿ ಉಳೀತು ಅನ್ನೋ ಭಯ ಅವರದ್ದು. ಅಂದ್ರೆ ಅವನನ್ನ ಎತ್ತರದಲ್ಲಿಡೋ ಕಾಳಜಿಯೇ ಕೊನೆಗೆ ಬೇರೆಯವರ ಬೆನ್ನ ಮೇಲೆ ಚಾಟಿ ಆಯ್ತು. ಇದನ್ನ ಯಾರ ಪರಾನೂ ವಹಿಸದೇ ಹೇಳೋದು ಸುಲಭ ಅಲ್ಲ, ಈಯಪ್ಪ ಹೇಳಿದಾರೆ.

ಅರ್ಶ್, ಅಂದ್ರೆ ಅಲ್ಲಾಹನ ಸಿಂಹಾಸನ, ಅದರ ಪಾಠವೂ ಹಂಗೇ ಚೆನ್ನಾಗಿದೆ. ಮದೀನಾದಲ್ಲಿ ಇಮಾಮ್ ಮಾಲಿಕ್ (795ರಲ್ಲಿ ತೀರಿಕೊಂಡವರು) ಹತ್ರ ಒಬ್ಬ ಬಂದು, ರಹ್ಮಾನ್ (ಕರುಣಾಮಯಿ ಅಲ್ಲಾಹ್) ಅರ್ಶಿನ ಮೇಲೆ ಇಸ್ತಿವಾ ಆದ (ಏರಿ ನೆಲೆಗೊಂಡ ಅಂತ ಸಾಮಾನ್ಯ ಅನುವಾದ) ಅಂತ ಇದೆಯಲ್ಲ, ಹೇಗೆ ಆದ ಅಂತ ಕೇಳ್ತಾನೆ. ಇಮಾಮರು ತಲೆ ತಗ್ಗಿಸ್ತಾರೆ, ಬೆವರ್ತಾರೆ, ಆಮೇಲೆ ಹೇಳ್ತಾರೆ, ಇಸ್ತಿವಾ ಗೊತ್ತಿರೋದೇ, ಹೇಗೆ ಅನ್ನೋದು ಬುದ್ಧಿಗೆ ಸಿಗಲ್ಲ, ಅದನ್ನ ನಂಬೋದು ಕಡ್ಡಾಯ, ಅದರ ಬಗ್ಗೆ ಕೆದಕೋದು ಬಿದ್‌ಅತ್ (ಧರ್ಮದಲ್ಲಿ ಇಲ್ಲದ ಹೊಸದು). ಹೇಳಿ ಆ ಮನುಷ್ಯನನ್ನ ಆಚೆ ಕಳಿಸ್ತಾರೆ. ಇವತ್ತು ಸಲಫಿಗಳೂ (ಅವನು ಅರ್ಶಿನ ಮೇಲಿದಾನೆ ಅಂತ ಇದ್ದಂಗೇ ಒಪ್ಪೋರು) ಇದೇ ಮಾತು ಎತ್ತಿ ತೋರಿಸ್ತಾರೆ, ಅಶ್‌ಅರಿಗಳೂ (ಅವನಿಗೆ ಜಾಗ, ದಿಕ್ಕು ಇಲ್ಲ ಅನ್ನೋರು) ಇದನ್ನೇ ತೋರಿಸ್ತಾರೆ, ಇಬ್ರೂ ಇಮಾಮರು ನಮ್ಮ ಕಡೆ ಅಂತಾರೆ! ಮೇಷ್ಟ್ರು ಎರಡೂ ಕಡೆಯ ಓದನ್ನ ಪಕ್ಕಪಕ್ಕ ಇಟ್ಟಿದಾರೆ, ಕೋರ್ಸಲ್ಲಿ ನಾನು ರಿವೈಂಡ್ ಮಾಡಿ ಮಾಡಿ ನೋಡಿದ್ದು ಇದೊಂದೇ ವಿಡಿಯೋ. ನಮ್ಮ ಕರಾವಳಿಯ ಬ್ಯಾರಿ, ನವಾಯತ್ ಜನ ಆಚರಣೆಯಲ್ಲಿ ಹೆಚ್ಚಾಗಿ ಶಾಫಿಈ ಪದ್ಧತಿ, ಅಕೀದಾದಲ್ಲಿ ಅಶ್‌ಅರಿ ದಾರಿ. ಘಟ್ಟದ ಮೇಲೆ ಹುಬ್ಬಳ್ಳಿ ಕಲಬುರಗಿ ಕಡೆ ಹನಫಿ ಪದ್ಧತಿಯವರು ಜಾಸ್ತಿ, ಅವರ ಉಲಮಾಗಳು ಅಕೀದಾದಲ್ಲಿ ಸಮರ್ಕಂದಿನ ಪಂಡಿತ ಮಾತುರೀದಿಯನ್ನ ಹಿಡಿದವರು. ಎರಡೂ ಕಡೆ ಮದ್ರಸಾದಲ್ಲಿ ಮಕ್ಕಳಿಗೆ ಅಲ್ಲಾಹನಿಗೆ ಜಾಗ ಇಲ್ಲ, ದಿಕ್ಕಿಲ್ಲ ಅಂತ ಕಲಿಸ್ತಾರೆ, ಆಮೇಲೆ ಫೋನಲ್ಲಿ ಬರೋ ಬಯಾನಲ್ಲಿ (ಪ್ರವಚನದಲ್ಲಿ) ಅವನು ಅರ್ಶಿನ ಮೇಲಿದಾನೆ ಅಷ್ಟೇ ಅಂತ ಕೇಳಿ ಹುಡುಗ್ರು ಗಲಿಬಿಲಿ ಆಗ್ತಾರೆ. ಅಂಥವರಿಗೆ ಈ ಪಾಠ ಒಂದೇ ಸಾಕು ಕೊಟ್ಟ ದುಡ್ಡಿಗೆ.

ಈಗ ಬೈಯೋ ಭಾಗ. ಐದನೇ ಪಾಠದಿಂದ ಹತ್ತಿರದ ವಿಷಯ ಶುರು, ಅಲ್ಲಿಂದ ಕೋರ್ಸು ಇಳಿಜಾರು. ಅಲ್ಲಿವರೆಗೂ ತರ್ಕ, ಇತಿಹಾಸ, ಕಿತಾಬು ಅಂತ ಹೋಗ್ತಿದ್ದ ಮೇಷ್ಟ್ರು ಇದ್ದಕ್ಕಿದ್ದಂಗೆ ದನಿ ಮೆತ್ತಗೆ ಮಾಡ್ಕೊಂಡು ಮನಸ್ಸಿನ ನೆಮ್ಮದಿ, ಒಂಟಿತನ, ಸ್ಟ್ರೆಸ್ ಅಂತ ಮಾತಾಡೋಕೆ ಶುರು ಮಾಡ್ತಾರೆ, ಹಿಂದೆ ಸಣ್ಣಗೆ ಮ್ಯೂಸಿಕ್ಕಿನಂಥದ್ದು ಏನೋ ಬೇರೆ (ವಾದ್ಯ ಅಲ್ವಂತೆ, ಬಾಯಲ್ಲೇ ಮಾಡಿದ್ದಂತೆ, ಸರಿ ಬಿಡಿ). ದೂರ ಅನ್ನೋದು ಬುದ್ಧಿಗೆ, ಹತ್ರ ಅನ್ನೋದು ಫೀಲಿಂಗಿಗೆ ಅಂತ ಹಂಚಿಟ್ಟಂಗೆ ಆಗಿದೆ. ನನಗೆ ಒಪ್ಪಿಗೆ ಆಗದೇ ಇದ್ದದ್ದು ಇದೇ.

ಯಾಕಂದ್ರೆ ಕುರ್‌ಆನ್ ಎಲ್ಲೂ ಹಿಂಗೆ ಪಾಲು ಮಾಡಿಲ್ಲ. ಹದೀದ್ ಸೂರಾದ 4ನೇ ಆಯತ್ ತಗೊಳ್ಳಿ, ಆಕಾಶ ಭೂಮಿ ಆರು ದಿನದಲ್ಲಿ ಸೃಷ್ಟಿಸಿದ, ಆಮೇಲೆ ಅರ್ಶಿನ ಮೇಲೆ ಇಸ್ತಿವಾ, ಭೂಮಿಯೊಳಗೆ ಹೋಗೋದು ಅದರಿಂದ ಹೊರಗೆ ಬರೋದು ಎಲ್ಲ ಅವನಿಗೆ ಗೊತ್ತು, ನೀವು ಎಲ್ಲೇ ಇದ್ರೂ ಅವನು ನಿಮ್ಮ ಜೊತೆ ಇದಾನೆ. ಒಂದೇ ಆಯತ್! ಅರ್ಶೂ ಅದರಲ್ಲೇ, ಜೊತೆಗಿರೋದೂ ಅದರಲ್ಲೇ. ಮೇಷ್ಟ್ರು ಅರ್ಶಿನ ಪಾಠದಲ್ಲಿ ಇದರ ಅರ್ಧ ಸ್ಲೈಡಿಗೆ ಹಾಕಿದಾರೆ, ಉಳಿದ ಅರ್ಧ ಆರನೇ ಪಾಠದ ಸ್ಲೈಡಲ್ಲಿದೆ, ಎರಡೂ ಒಂದೇ ಆಯತ್ ಅಂತ ಎಲ್ಲೂ ಹೇಳಿಲ್ಲ. ಬಕರಾ ಸೂರಾದ 186ನೇ ಆಯತ್ ಕೂಡ ಬರೀ ದುಆ (ಪ್ರಾರ್ಥನೆ) ಟಿಪ್ಸ್ ಆಗಿ ಬಂದು ಹೋಗುತ್ತೆ. ಚಂದ್ರನ ಬಗ್ಗೆ, ಮದ್ಯ ಜೂಜಿನ ಬಗ್ಗೆ ಜನ ಕೇಳಿದಾಗ ನೀನು ಅವರಿಗೆ ಹೀಗೆ ಹೇಳು ಅಂತ ಪ್ರವಾದಿಯ ಮೂಲಕ ಉತ್ತರ ಬರುತ್ತೆ, ನನ್ನ ದಾಸರು ನನ್ನ ಬಗ್ಗೆ ಕೇಳಿದ್ರೆ ಅನ್ನೋ ಕಡೆ ಮಾತ್ರ ಮಧ್ಯೆ ಯಾರೂ ಇಲ್ಲ, ನೇರ ನಾನು ಹತ್ರಾನೇ ಇದೀನಿ ಅಂತ. ತಫ್ಸೀರಿನವರು (ಕುರ್‌ಆನಿನ ವ್ಯಾಖ್ಯಾನಕಾರರು) ಎಷ್ಟೋ ಕಾಲದಿಂದ ಹೇಳ್ಕೊಂಡು ಬಂದಿರೋ ಮಾತು, ಕಷ್ಟದ್ದೇನಲ್ಲ, ಎರಡು ನಿಮಿಷ ಕೊಟ್ಟಿದ್ರೂ ಸಾಕಿತ್ತು. ಕುತ್ತಿಗೆ ನರದ ಆಯತ್ತನ್ನ (ಕಾಫ್ 16) ಇಬ್ನ್ ಕಸೀರ್ ಥರದ ತಫ್ಸೀರಿನವರು ಮಲಕ್‌ಗಳು (ದೇವದೂತರು) ಹತ್ರ ಇರೋದು ಅಂತ ಓದ್ತಾರೆ, ಬೇರೆಯವರು ಅವನ ಅರಿವು ಹತ್ರ ಇರೋದು ಅಂತಾರೆ, ಅಂದ್ರೆ ಹತ್ತಿರದ ಬಗ್ಗೆಯೂ ಅರ್ಶಿನಷ್ಟೇ ಗಟ್ಟಿ ಚರ್ಚೆ ಇದೆ, ಅದನ್ನ ಮುಚ್ಚಿಟ್ಟು ನಮಗೆ ಸಮಾಧಾನ ಹೇಳಿ ಕಳಿಸಿದ್ದು ಯಾಕೋ.

ಸುಜೂದ್ (ನಮಾಜಲ್ಲಿ ಹಣೆ ನೆಲಕ್ಕಿಡೋದು) ಬಗ್ಗೆ ಇಡೀ ಕೋರ್ಸಲ್ಲಿ ಒಂದು ಪಾಠ ಇಲ್ಲ, ಇದಂತೂ ನನಗೆ ಅರ್ಥಾನೇ ಆಗ್ಲಿಲ್ಲ. ದಾಸ ತನ್ನ ರಬ್ಬಿಗೆ (ಒಡೆಯನಿಗೆ) ಅತಿ ಹತ್ರ ಇರೋದು ಸುಜೂದಲ್ಲಿ ಅಂತ ಇಮಾಮ್ ಮುಸ್ಲಿಮರ ಸಂಗ್ರಹದ ಹದೀಸ್ (ಪ್ರವಾದಿಯ ವಚನ) ಇದೆ, ಅಲಕ್ ಸೂರಾ ಮುಗಿಯೋದೇ ಸುಜೂದ್ ಮಾಡು, ಹತ್ರ ಬಾ ಅಂತ. ಆದ್ರೆ ಹಣೆ ನೆಲಕ್ಕೆ ತಾಗಿ, ಮೈಯ ಎಲ್ಲಕ್ಕಿಂತ ಎತ್ತರದ ಭಾಗ ಎಲ್ಲಕ್ಕಿಂತ ಕೆಳಗೆ ಬಂದಿರೋ ಆ ಹೊತ್ತಲ್ಲಿ ನಾವು ಹೇಳೋದೇನು? ಸುಬ್ಹಾನ ರಬ್ಬಿಯಲ್ ಅಅ್‌ಲಾ, ಎಲ್ಲಕ್ಕಿಂತ ಎತ್ತರದ ನನ್ನ ರಬ್ಬು ಪರಿಶುದ್ಧ ಅಂತ. ಅತಿ ಹತ್ರ ಇರೋವಾಗ ಅತಿ ಎತ್ತರ ಅಂತ ಹೇಳೋದು, ಅದೂ ದಿನಕ್ಕೆ ಐದು ಹೊತ್ತು. ಅಶ್‌ಅರಿ, ಮಾತುರೀದಿ ಅಂತ ಕೇಳೇ ಇರದ ನಮ್ಮಜ್ಜಿಯಂಥವರೂ ಎರಡನ್ನೂ ಒಟ್ಟಿಗೆ ಹಿಡ್ಕೊಂಡೇ ಬದುಕಿದ್ದು ಹಿಂಗೆ. ಕೋರ್ಸ್ ಇಲ್ಲಿಂದಲೇ ಶುರು ಆಗಿದ್ರೆ ಆಮೇಲಿನ ಚರ್ಚೆಯೆಲ್ಲ ಇನ್ನೂ ಸಲೀಸಾಗಿ ತಲೆಗೆ ಹೋಗ್ತಿತ್ತು.

ಏಳನೇ ಪಾಠ ಸೂಫಿಗಳದ್ದು, ಇಲ್ಲಿ ತುಂಬ ಆತುರ. ಸ್ಪೇನಿನ ಮುರ್ಸಿಯಾದಲ್ಲಿ 1165ರಲ್ಲಿ ಹುಟ್ಟಿ 1240ರಲ್ಲಿ ಡಮಾಸ್ಕಸಲ್ಲಿ ತೀರಿಕೊಂಡ ಇಬ್ನ್ ಅರಬಿ ಹೇಳಿದ್ದು ಏನಂದ್ರೆ, ಬರೀ ತನ್‌ಜೀಹ್ ಹಿಡಿದು ಅವನನ್ನ ಎಲ್ಲದರಿಂದ ಆಚೆಗೆ ಇಡೋನೂ ಅವನಿಗೊಂದು ಗಡಿ ಹಾಕ್ತಾನೆ, ಬರೀ ತಶ್ಬೀಹ್ ಹಿಡಿದು ಹೋಲಿಕೆ ಕೊಡೋನೂ ಗಡಿ ಹಾಕ್ತಾನೆ, ಎರಡೂ ಕೂಡಿದ್ರೇನೇ ಸರಿ ಅಂತ. ಇದನ್ನ ಒಂದು ಸ್ಲೈಡಲ್ಲಿ ಮುಗಿಸಿ ತಕ್ಷಣ ಅವರನ್ನ ವಿರೋಧಿಸಿದ ಪಂಡಿತ ಇಬ್ನ್ ತೈಮಿಯ್ಯಾರ ಆಕ್ಷೇಪ ತಂದು, ಅವರು 1328ರಲ್ಲಿ ಅದೇ ಡಮಾಸ್ಕಸಿನ ಕೋಟೆಯ ಸೆರೆಯಲ್ಲಿ ತೀರಿಕೊಂಡದ್ದು ಹೇಳಿ ಟಾಪಿಕ್ ಕ್ಲೋಸ್. ಸೂಫಿಗಳು ಒಂದು ಪಾರ್ಟಿ, ವಿರೋಧಿಗಳು ಇನ್ನೊಂದು ಪಾರ್ಟಿ ಅನ್ನೋ ಥರ. ಹಂಗಿಲ್ಲ ಸ್ವಾಮಿ, ನಮ್ಮ ಕಲಬುರಗಿಯ ಖ್ವಾಜಾ ಬಂದೇನವಾಜ್ ಗೇಸುದರಾಜ್ (1422ರಲ್ಲಿ ತೀರಿಕೊಂಡವರು) ಚಿಶ್ತಿ ಪಂಥದ ಸೂಫಿಗಳಲ್ಲೇ ದೊಡ್ಡ ಹೆಸರು, ಅವರೇ ಇಬ್ನ್ ಅರಬಿಯ ಮಾತುಗಳನ್ನ ಟೀಕೆ ಮಾಡಿದವರು. ದರ್ಗಾಕ್ಕೆ ಹೋಗೋ ನಮ್ಮ ಜನಕ್ಕೇ ಇದು ಅಷ್ಟಾಗಿ ಗೊತ್ತಿಲ್ಲ, ಇಂಗ್ಲೆಂಡಲ್ಲಿ ಕೂತಿರೋ ಮೇಷ್ಟ್ರಿಗೆ ಗೊತ್ತಿಲ್ದೇ ಇದ್ರೆ ತಪ್ಪಲ್ಲ ಬಿಡಿ, ಆದ್ರೂ ದಖ್ಖನ್ ಅನ್ನೋ ಪದವೇ ಬರದ ಸೂಫಿ ಪಾಠ ಅಂದ್ರೆ ಸ್ವಲ್ಪ ಬೇಜಾರು.

ಉಳಿದದ್ದು ಚಿಕ್ಕದಾಗಿ. ಆಡಿಯೋ ಕ್ಲಿಯರ್, ಸಬ್‌ಟೈಟಲ್ ಕೆಟ್ಟದಾಗಿದೆ, ಅರಬಿ ಹೆಸರು ಬಂದಲ್ಲೆಲ್ಲ ಏನೇನೋ ಟೈಪ್ ಆಗಿದೆ. ಕ್ವಿಜ್ ಬರೀ ಇಸವಿ ಕೇಳುತ್ತೆ. ಜೊತೆಗೆ ಕೊಡೋ ಅಲ್ಲಾಹನ 99 ಹೆಸರಿನ ಪೋಸ್ಟರ್ ನೋಡೋಕೆ ಚಂದ, ಆದ್ರೆ ಅದು ತಿರ್ಮಿದಿಯ ಹದೀಸ್ ಸಂಗ್ರಹದಲ್ಲಿರೋ ಫೇಮಸ್ ಪಟ್ಟಿ, ಅದರಲ್ಲಿ ಎತ್ತರದವನು ಅನ್ನೋ ಅಲಿಯ್ಯ್ ಇದೆ, ಮುತಆಲಿ ಇದೆ, ಹತ್ತಿರದವನು ಅನ್ನೋ ಕರೀಬ್ ಇಲ್ಲ. ಕುರ್‌ಆನಲ್ಲಿ ಹೂದ್ ಸೂರಾದ 61ರಲ್ಲಿ ಆ ಹೆಸರು ನೇರವಾಗಿ ಇದೆ. ಈ ಸಬ್ಜೆಕ್ಟಿನ ಕೋರ್ಸಿಗೇ ಈ ಪೋಸ್ಟರ್ ಕೊಡೋವಾಗ ಒಂದು ಸಾಲು ನೋಟ್ ಹಾಕ್ಬೇಕಿತ್ತು. ಡೌಟ್ ಕೇಳಿದ್ರೆ ಮಾತ್ರ ಮೇಷ್ಟ್ರು ಖುದ್ದು ಬರೆದು ಉತ್ತರ ಕೊಡ್ತಾರೆ. ರಾತ್ರಿಯ ಕೊನೇ ಮೂರನೇ ಭಾಗದಲ್ಲಿ ರಬ್ಬು ಕೆಳಗಿನ ಆಕಾಶಕ್ಕೆ ಇಳಿದು ಯಾರು ಕೇಳ್ತೀರಿ, ನಾನು ಕೊಡ್ತೀನಿ ಅಂತಾನೆ ಅನ್ನೋ ಹದೀಸ್ ಇದೆಯಲ್ಲ, ಭೂಮಿ ಮೇಲೆ ಎಲ್ಲೋ ಒಂದು ಕಡೆ ಯಾವಾಗ್ಲೂ ರಾತ್ರಿಯ ಕೊನೇ ಭಾಗ ನಡೀತಾನೇ ಇರುತ್ತಲ್ಲ ಅಂತ ನಾನು ಕೇಳಿದ್ದಕ್ಕೆ, ಇಳಿಯೋದು ಅಂದ್ರೆ ರಹ್ಮತ್ (ಅವನ ಕರುಣೆ) ಇಳಿಯೋದು ಅನ್ನೋರ ಉತ್ತರ, ಹೇಗೆ ಅಂತ ಕೇಳದೇ ಇದ್ದಂಗೇ ಒಪ್ಪೋರ ಉತ್ತರ ಎರಡನ್ನೂ ಉದ್ದಕ್ಕೆ ಬರೆದು ಕಳಿಸಿದ್ರು. ಆ ಅರ್ಧ ಸ್ಟಾರ್ ಇದಕ್ಕೇ.

ಫುಲ್ ರೇಟಿಗೆ ಬೇಡ, ರಮಜಾನ್ ಟೈಮಲ್ಲಿ ಡಿಸ್ಕೌಂಟ್ ಬಿಡ್ತಾರೆ, ಆಗ ತಗೊಳ್ಳಿ. ಮೊದಲ ನಾಲ್ಕು ಪಾಠ ನೋಟ್ಸ್ ಮಾಡ್ಕೊಂಡು ನೋಡಿ, ಐದು ಆರು ಒಂದೂವರೆ ಸ್ಪೀಡಲ್ಲಿ ಓಡಿಸಿ, ಏಳು ಬಿಟ್ಟುಬಿಡಿ, ಆ ಹೊತ್ತಲ್ಲಿ ಹದೀದ್ ಸೂರಾದ ಮೊದಲ ಆರು ಆಯತ್ ಕನ್ನಡ ಅನುವಾದದ ಜೊತೆ ನಿಧಾನಕ್ಕೆ ಓದ್ಕೊಳ್ಳಿ, ಅದಕ್ಕೆ ದುಡ್ಡೂ ಇಲ್ಲ.