ಸೇಡಂ ರೋಡಿನ ಜಿಮ್: ಮಷೀನು ಹಳೇವು, ಚೀಟಿ ಚಲೋ

ಕಲಬುರಗಿ ಸೇಡಂ ರೋಡಿನ ಈ ಸಣ್ಣ ಜಿಮ್‌ನಾಗ ಮಷೀನು ಹಳೇವು, ಬ್ಯಾಸಗ್ಯಾಗ ಎರಡು ಫ್ಯಾನ್ ಏನೇನೂ ಸಾಲಂಗಿಲ್ಲ. ಆದ್ರ ಕೋಚ್ ಫೀಸು ತಗೊಳ್ಳೋಕಿಂತ ಮೊದ್ಲು ಒಂದು ಚೀಟಿ ಬರೆಸ್ತಾರ: ಯಾವ ದಿನ, ಎಷ್ಟೊತ್ತಿಗೆ, ಎಲ್ಲಿ. ‘ದಿನಾ ಬರ್ತೀನ್ರೀ’ ಅಂದ್ರ ಒಪ್ಪಂಗಿಲ್ಲ. ‘ಮಂಗಳವಾರ, ಗುರುವಾರ, ಮಗಳನ್ನ ಟ್ಯೂಷನ್‌ಗೆ ಬಿಟ್ಟ ಕೂಡ್ಲೆ ಸೀದಾ ಇಲ್ಲಿಗೆ’ ಅಂತ ಬರ್ದೆ. ಈಗ ಗಾಡಿ ತಾನಾಗೇ ಈ ಕಡೆ ತಿರುಗ್ತದ. ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಹೇಳಿದ ಉಪಾಯ ಇದು. 2002ರ ಬ್ರಿಟಿಷ್ ಅಧ್ಯಯನವೊಂದರಾಗ ಹಿಂಗ ದಿನ, ಜಾಗ ಬರೆದವರಲ್ಲಿ ಶೇ. 91 ಮಂದಿ ವ್ಯಾಯಾಮ ಮಾಡಿದ್ರು. ಬರೀ ಹುರುಪಿನ ಮಾತು ಓದಿದವರಲ್ಲಿ ಶೇ. 40ಕ್ಕೂ ಕಡಿಮಿ. ಗೋಡಿ ಮ್ಯಾಲಿನ ಸಿಕ್ಸ್‌ಪ್ಯಾಕ್ ಪೋಸ್ಟರ್ ತೆಗೆದ್ರೂ ನಡೀತದ ಬಿಡ್ರಿ. ವರ್ಷದ ಪ್ಯಾಕೇಜ್ ಬ್ಯಾಡ, ತಿಂಗಳದ್ದೇ ತಗೋರಿ.