ಗೇಟು, ಚೀಟಿ, ಹಾಜರಿ ಪುಸ್ತಕ: ಶಾಲಾ ಸಮೀಕ್ಷೆಗೆ ಮಕ್ಕಳನ್ನು ಆರಿಸುವ ವಿಧಾನಗಳ ಹೋಲಿಕೆ

480 ಮಕ್ಕಳಿರುವ ಒಂದು ಪ್ರೌಢಶಾಲೆ ಎಂದಿಟ್ಟುಕೊಳ್ಳಿ. ಎಂಟನೇ ತರಗತಿಯಲ್ಲಿ 180, ಒಂಬತ್ತರಲ್ಲಿ 160, ಹತ್ತರಲ್ಲಿ 140. ಮನೆಯಿಂದ ಶಾಲೆಗೆ ಬರಲು ಎಷ್ಟು ನಿಮಿಷ ಹಿಡಿಯುತ್ತದೆ ಎಂಬುದು ಪ್ರಶ್ನೆ. ಎಲ್ಲರನ್ನೂ ಕೇಳುವಷ್ಟು ಸಮಯವಿಲ್ಲ, 48 ಮಂದಿಯ ಮಾದರಿ ಸಾಕು. ಆ 48 ಮಂದಿ ಯಾರು ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ.

ಎಲ್ಲಕ್ಕಿಂತ ಸುಲಭ, ಗೇಟಿನಲ್ಲಿ ನಿಂತು ಬಂದವರನ್ನು ಕೇಳುವುದು. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಹಳ್ಳಿಯ ಕಡೆಯಿಂದ ಬರುವ ಬಸ್ಸು ಒಂದೇ ಇದ್ದರೆ ಅದರಲ್ಲಿ ಬರುವವರು ಬೆಲ್ಲಿಗೆ ಬಹಳ ಮೊದಲೇ ಬಂದಿರುತ್ತಾರೆ. ಪಕ್ಕದ ಬೀದಿಯವರು ಬೆಲ್ಲು ಹೊಡೆಯುವಾಗ ಓಡಿ ಬರುತ್ತಾರೆ. ಬೇಗ ನಿಂತರೆ ಸರಾಸರಿ ಹಿಗ್ಗುತ್ತದೆ, ತಡವಾಗಿ ನಿಂತರೆ ಕುಗ್ಗುತ್ತದೆ. ಹೆಚ್ಚು ಮಂದಿಯನ್ನು ಕೇಳಿದರೂ ಈ ಓರೆ ಹೋಗುವುದಿಲ್ಲ. 1936ರಲ್ಲಿ ಅಮೆರಿಕದ ವಾರಪತ್ರಿಕೆಯೊಂದು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಪತ್ರಗಳನ್ನು ಎಣಿಸಿ, ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು, ಗೆದ್ದವರು ರೂಸ್‌ವೆಲ್ಟ್. ಪ್ರಶ್ನೆಯ ಮಾತು ಮಕ್ಕಳಿಗೆ ಅರ್ಥವಾಗುತ್ತದೆಯೇ ಎಂದು ಪರೀಕ್ಷಿಸಲು ಮಾತ್ರ ಗೇಟು ಸರಿಯಾದ ಜಾಗ.

ಒಂದು ವಿಭಾಗವನ್ನು ಇಡಿಯಾಗಿ ತೆಗೆದುಕೊಳ್ಳುವುದೂ ಸಲೀಸು, ಒಂದೇ ಪೀರಿಯಡ್ ಸಾಕು. ವಿಭಾಗಗಳನ್ನು ಹೇಗೆ ಮಾಡಿದ್ದಾರೆ ಎಂದು ಮೊದಲು ವಿಚಾರಿಸಿ. ಕನ್ನಡ ಮಾಧ್ಯಮ ಒಂದು ವಿಭಾಗ, ಇಂಗ್ಲಿಷ್ ಮಾಧ್ಯಮ ಇನ್ನೊಂದು ಎಂದಿದ್ದರೆ, ವ್ಯಾನಿನಲ್ಲಿ ಬರುವವರೆಲ್ಲ ಒಂದೇ ಕಡೆ ಸೇರಿರಬಹುದು. ಆಗ 48 ಮಂದಿಯನ್ನು ಕೇಳಿದರೂ ಸಿಗುವುದು ಒಂದು ಗುಂಪಿನ ಸುದ್ದಿ ಮಾತ್ರ.

ಚೀಟಿ ಎತ್ತುವುದು ಎಲ್ಲರಿಗೂ ನ್ಯಾಯವಾಗಿ ಕಾಣುತ್ತದೆ. ಕಷ್ಟವಿರುವುದು ಕಲಸುವುದರಲ್ಲಿ. 480 ಚೀಟಿಗಳನ್ನು ಡಬ್ಬಿಗೆ ಸುರಿದರೆ ಕೊನೆಗೆ ಬಿದ್ದವು ಮೇಲೆಯೇ ಉಳಿಯುತ್ತವೆ, ಕೈಗೆ ಮೊದಲು ಸಿಗುವುದೂ ಅವೇ. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ಸೇನೆಗೆ ಯುವಕರನ್ನು ಆರಿಸಲು ಜನ್ಮದಿನಾಂಕಗಳ ಲಾಟರಿ ಎತ್ತಿದಾಗ ಇದೇ ಆಯಿತು: ದಿನಾಂಕದ ಚೀಟಿಯಿಟ್ಟು ತಿಂಗಳುವಾರು ತುಂಬಿದ ಗುಳಿಗೆಗಳು ಸರಿಯಾಗಿ ಬೆರೆಯದೆ, ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ಸರದಿ ಹೆಚ್ಚಾಗಿ ಮೊದಲೇ ಬಂತು.

ಇದಕ್ಕೆ ಉಪಾಯ ಹತ್ತೇ ಚೀಟಿ, 0ರಿಂದ 9ರವರೆಗೆ. ಒಂದನ್ನೆತ್ತಿ, ಬರೆದುಕೊಂಡು, ಮರಳಿ ಹಾಕಿ ಕುಲುಕಿ. ಮೂರು ಸಲ ಎತ್ತಿದರೆ ಮೂರಂಕಿಯ ಸಂಖ್ಯೆ. 001ರಿಂದ 480 ಬಂದರೆ ಆ ಕ್ರಮಸಂಖ್ಯೆಯ ವಿದ್ಯಾರ್ಥಿ. ಬೇರೆಯದು ಬಂದರೆ ಬಿಡಿ. ಹೀಗೆ ಮಾಡಿದರೆ 48 ಮಂದಿ ಸಿಗಲು ಸುಮಾರು 105 ಸಂಖ್ಯೆಗಳು ಬೇಕಾಗುತ್ತವೆ. 501ರಿಂದ 980ರೊಳಗೆ ಬಂದದ್ದರಿಂದ 500 ಕಳೆದು ಅದನ್ನೂ ಬಳಸಿದರೆ ಸುಮಾರು 53 ಸಾಕು. ಬಂದ ಸಂಖ್ಯೆ ಮತ್ತೆ ಬಂದರೆ ಬಿಟ್ಟುಬಿಡಿ.

ಹಾಜರಿ ಪುಸ್ತಕದಿಂದ ಹತ್ತಕ್ಕೊಬ್ಬರನ್ನು ಎಣಿಸಿ ತೆಗೆಯುವುದು ಇದಕ್ಕಿಂತ ಬೇಗ. 480ನ್ನು 48ರಿಂದ ಭಾಗಿಸಿದರೆ 10. ಮೊದಲ ಹತ್ತರಲ್ಲಿ ಒಂದನ್ನು ಚೀಟಿಯಿಂದ ಆರಿಸಿ. 7 ಬಂದರೆ 7, 17, 27 ಹೀಗೆ 477ರವರೆಗೆ. ಟಿ.ಸಿ. ಪಡೆದು ಹೋದವರ ಹೆಸರು ಹೊಡೆದುಹಾಕಿದ್ದರೂ ಕ್ರಮಸಂಖ್ಯೆ ಹಾಗೇ ಇರುತ್ತದೆ, ಆದ್ದರಿಂದ ಮೊದಲು ಹೊಸದಾಗಿ ಸಂಖ್ಯೆ ಹಾಕಿಕೊಳ್ಳಿ. ಹುಡುಗರ ಹೆಸರು ಮೊದಲು, ಹುಡುಗಿಯರದು ಆಮೇಲೆ ಇದ್ದರೆ ಇಬ್ಬರಿಗೂ ತಕ್ಕ ಪಾಲು ತಾನಾಗಿಯೇ ಸಿಗುತ್ತದೆ, ಅದು ಈ ವಿಧಾನದ ದೊಡ್ಡ ಗುಣ. ಪುಸ್ತಕ ಬದಲಾದಾಗ ಎಣಿಕೆಯನ್ನು ಮುಂದುವರಿಸಬೇಕು, ಪ್ರತಿ ವಿಭಾಗದಲ್ಲೂ 1ರಿಂದ ಶುರು ಮಾಡಬಾರದು. ಕುಳ್ಳರು ಮುಂದೆ ಇರುವಂತೆ ಎತ್ತರದ ಪ್ರಕಾರ ನಿಂತ ಪ್ರಾರ್ಥನೆಯ ಸಾಲುಗಳಲ್ಲಿ ಪ್ರತಿ ಸಲ ಮೊದಲನೆಯವರಿಂದಲೇ ಹಿಡಿದು ಹತ್ತಕ್ಕೊಬ್ಬರನ್ನು ತೆಗೆದರೆ ಪ್ರತಿ ಹತ್ತರಲ್ಲೂ ಅತಿ ಕುಳ್ಳ ಮಗುವೇ ಆಯ್ಕೆಯಾಗುತ್ತದೆ. ಎತ್ತರ, ತೂಕದ ಸಮೀಕ್ಷೆ ಅಲ್ಲಿಗೇ ಕೆಟ್ಟಿತು. ಹೆಸರಿನ ಪಟ್ಟಿಯಿಲ್ಲದ ಕಡೆಯೂ ಈ ತತ್ವ ನಡೆಯುತ್ತದೆ. ಹಳ್ಳಿಯ ಮಕ್ಕಳ ಓದು, ಲೆಕ್ಕ ಹೇಗಿದೆ ಎಂದು ನೋಡಲು 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯಲ್ಲಿ ಹಳ್ಳಿಯನ್ನು ನಾಲ್ಕು ಭಾಗ ಮಾಡಿ, ಎಡಗಡೆಯ ಪ್ರತಿ ಐದನೇ ಮನೆಯನ್ನು ಹಿಡಿದು ಒಟ್ಟು 20 ಮನೆ ತೆಗೆದುಕೊಳ್ಳುತ್ತಾರೆ.

ತರಗತಿವಾರು ಪಾಲು ಹಾಕುವುದಾದರೆ 18, 16, 14. ತರಗತಿಗಳನ್ನು ಒಂದಕ್ಕೊಂದು ಹೋಲಿಸಬೇಕಿದ್ದರೆ ತಲಾ 16 ತೆಗೆಯುವುದೂ ಸರಿಯೇ, ಆದರೆ ಇಡೀ ಶಾಲೆಯ ಸರಾಸರಿ ತೆಗೆಯುವಾಗ ಪ್ರತಿ ತರಗತಿಗೂ ಅದರ ಮಕ್ಕಳ ಸಂಖ್ಯೆಗೆ ತಕ್ಕ ತೂಕ ಕೊಡಬೇಕು. ಮೂರು ತರಗತಿಗಳ ಸರಾಸರಿ 20, 25, 30 ನಿಮಿಷ ಬಂದರೆ ನೇರ ಸರಾಸರಿ 25, ತೂಕ ಕೊಟ್ಟದ್ದು 24.6. ವ್ಯತ್ಯಾಸ ಅಲ್ಪ. ತರಗತಿಗಳ ಗಾತ್ರ 300, 120, 60 ಆಗಿದ್ದರೆ ಅದು 22.5ಕ್ಕೆ ಇಳಿಯುತ್ತದೆ, ಆಗ ಸುಮ್ಮನಿರಲಾಗದು.

ನನ್ನ ಆಯ್ಕೆ ಹತ್ತಕ್ಕೊಬ್ಬರ ಎಣಿಕೆ. ಹಾಜರಿ ಪುಸ್ತಕ ಅಸ್ತವ್ಯಸ್ತವಾಗಿದ್ದರೆ ಹತ್ತು ಚೀಟಿ. ಯಾವುದನ್ನು ಹಿಡಿದರೂ, ಆಯ್ಕೆಯಾದ ಮಗು ಆ ದಿನ ಬಂದಿಲ್ಲವೆಂದು ಪಕ್ಕದವರನ್ನು ಕೂರಿಸಿದರೆ ಅಷ್ಟು ಶ್ರಮವೂ ವ್ಯರ್ಥ. ದೂರದಿಂದ ಬರುವವರೇ ಹೆಚ್ಚು ತಪ್ಪಿಸಿಕೊಳ್ಳುವ ಶಾಲೆಗಳಿವೆ, ಹಾಗೆ ಮಾಡಿದರೆ ಅವರೇ ಲೆಕ್ಕದಿಂದ ಜಾರಿಹೋಗುತ್ತಾರೆ. ಮೂರು ದಿನ ಕಾದು ಅದೇ ಮಗುವನ್ನು ಕೇಳಿ. ಆಗಲೂ ಸಿಗದಿದ್ದರೆ ವರದಿಯಲ್ಲಿ ಎಷ್ಟು ಮಂದಿ ಸಿಗಲಿಲ್ಲ ಎಂದು ಬರೆಯಿರಿ.

ಉತ್ತರ ಪಡೆಯುವ ಬಗೆಯಲ್ಲಿ ಕೈ ಎತ್ತಿಸುವುದನ್ನು ನಾನು ಒಪ್ಪುವುದಿಲ್ಲ. ಗೆಳೆಯನ ಕೈ ನೋಡಿ ತನ್ನ ಕೈ ಏಳುತ್ತದೆ. ಬೆಳಿಗ್ಗೆ ತಿಂಡಿ ತಿನ್ನದೆ ಬಂದಿದ್ದೀರಾ ಎಂದು ಹತ್ತು ಜನರ ಮುಂದೆ ಕೇಳಿದರೆ ಹೌದೆನ್ನಲು ಮಗುವಿಗೆ ಸಂಕೋಚ. ಅಂಥ ಪ್ರಶ್ನೆಗೆ ಹೆಸರು ಬರೆಯದ ಚೀಟಿಯೇ ಬೇಕು. ಸಮಯದ ಪ್ರಶ್ನೆಗೆ ಒಬ್ಬೊಬ್ಬರನ್ನೇ ಕೂರಿಸಿ ಕೇಳುವುದು ಒಳ್ಳೆಯದು: ಮನೆ ಬಿಟ್ಟದ್ದು ಎಷ್ಟು ಗಂಟೆಗೆ, ಗೇಟು ದಾಟಿದ್ದು ಎಷ್ಟು ಗಂಟೆಗೆ. ಕಳೆಯುವ ಲೆಕ್ಕ ಕೇಳುವವರದು. ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರೆ ಬರುವ ಉತ್ತರಗಳು 10, 15, 30ರ ಮೇಲೆಯೇ ಗುಡ್ಡೆ ಬೀಳುತ್ತವೆ.

ಕಳೆದು ಬರೆದರೂ ಆ ಗುಡ್ಡೆ ಪೂರ್ತಿ ಕರಗುವುದಿಲ್ಲ, ಮನೆ ಬಿಟ್ಟ ಸಮಯವನ್ನೂ ಮಕ್ಕಳು ಐದರ ಲೆಕ್ಕದಲ್ಲೇ ಹೇಳುತ್ತಾರೆ. ಹಾಗಾಗಿ ತಾಳೆ ಗುರುತು ಹಾಕುವಾಗ 0-10, 10-20 ಎಂಬ ವರ್ಗಾಂತರ ಬೇಡ. 10 ಎಂದವರೆಲ್ಲ ಅಂಚಿನಲ್ಲಿ ನಿಲ್ಲುತ್ತಾರೆ, ಒಬ್ಬರು ಕೆಳಗಿನ ಸಾಲಿಗೆ ಹಾಕಿದರೆ ಇನ್ನೊಬ್ಬರು ಮೇಲಿನದಕ್ಕೆ ಹಾಕುತ್ತಾರೆ. 3-7, 8-12, 13-17 ಎಂದು ಮಾಡಿದರೆ 5, 10, 15 ನಡುವೆ ಕೂರುತ್ತವೆ. 0-2ಕ್ಕೆ ಒಂದು ಸಾಲು ಬೇರೆ ಇಡಿ, ಶಾಲೆಯ ಪಕ್ಕದ ಮನೆಯವರಿಗಾಗಿ.